ಐದನೆಯ ಗೆರೆಯಲ್ಲಿ ನಿಂತ ಗುಂಡಿ

ಹಾನಗಲ್ಲ
೧೨ ನವೆಂಬರ್ ೧೯೮೭

ಪ್ರೀತಿಯ ಶಾಕೀರಾ,

ಪ್ರೀತಿಯ ಎಂದು ಬರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಓದಿದ ಮೇಲೆ ನೀನೇ ಹೇಳು.

ನೀನು ಕೀಬೋರ್ಡ್ ಮಾರಲು ಹೊರಟಿದ್ದೀ ಎಂದು ಹಾರ್ಮೋನಿಯಂ ಪೇಟಿ ರಿಪೇರಿಯ ಉಳಿವೆಪ್ಪ ಹೇಳಿದ. ಸವಣೂರಿನಲ್ಲಿ ಮಂಜವ್ವನ ಹಾಡು ಕೆಟ್ಟಿದ್ದು ನಿನ್ನೊಬ್ಬಳಿಂದಲೇ ಎಂದು ನಂಬಿ, ಅಂದಿನಿಂದ ಅದನ್ನು ಮುಟ್ಟಿಯೂ ಇಲ್ಲವಂತೆ. ಅದಕ್ಕಾಗಿ ಈ ಪತ್ರ.

ಹಾಡುವವರು ತಮ್ಮ ಶ್ರುತಿ ಬಿಳಿ ನಾಲ್ಕು ಎನ್ನಲಿ, ಕರಿ ಎರಡು ಎನ್ನಲಿ, ಆ ಮನೆಯನ್ನೇ ಷಡ್ಜ ಮಾಡಿಕೊಂಡು ಪೇಟಿ ನುಡಿಸಲು ನನಗೆ ಹದಿನಾಲ್ಕು ವರ್ಷ ಹಿಡಿಯಿತು. ನನಗಿದ್ದ ಹೆಮ್ಮೆ ಅದೊಂದೇ. ನೀನು ಬಂದೆ. ಎಲ್ಲ ಹಾಡನ್ನೂ ಬಿಳಿ ಒಂದರಿಂದಲೇ ಹಿಡಿದೆ, ಶ್ರುತಿ ಏರಿಸಲು ಒಂದು ಗುಂಡಿ ಸರಿಸಿದೆ, ಮುಗಿಯಿತು. ನನ್ನ ಹದಿನಾಲ್ಕು ವರ್ಷ ನಿನ್ನ ಉಗುರಿನ ತುದಿಯಲ್ಲಿ ಸರಿದುಹೋದಂತೆ ಕಂಡಿತು. ಕೀಬೋರ್ಡಿನ ಜೊತೆ ಬಂದ ಇಂಗ್ಲಿಷ್ ಪುಸ್ತಕ ಓದಿ, ಒಂದು ಗೆರೆ ಸರಿಸಿದರೆ ಒಂದು ಮನೆ ಮೇಲೆ, ಮಂಜವ್ವನ ಕರಿ ಎರಡಕ್ಕೆ ಮೂರನೆಯ ಗೆರೆ ಎಂದು ನಿನಗೆ ಹೇಳಿಕೊಟ್ಟವಳೂ ನಾನೇ. ನನ್ನ ಇಂಗ್ಲಿಷ್ ಶಾಲೆಯ ಓದು ಒದಗಿದ್ದು ಇಷ್ಟಕ್ಕೆ.

ಶಿಗ್ಗಾವಿಯಲ್ಲಿ ತಾಲೀಮು ನಡೆದಾಗ ನನ್ನ ಹಳೆಯ ಪೇಟಿ ನಿನ್ನದಕ್ಕಿಂತ ಕೂದಲೆಳೆಯಷ್ಟು ಇಳಿದಿತ್ತು. ನೀನು ಹಿಂಬದಿಯ ಸಣ್ಣ ತಿರುಪು ತಿರುಗಿಸಿ ನನ್ನ ಶ್ರುತಿಗೆ ಇಳಿದು ಬಂದೆ. "ಪೇಟಿ ಹಿರೇರು ಅಕ್ಕಾರ, ಬಗ್ಗೂದು ಇದಕ್ಕ ಚಂದ" ಎಂದು ನಕ್ಕೆ. ಹಿರಿಯರು ಎಂದದ್ದು ನನಗೆ ಮುದುಕಿ ಎಂದು ಕೇಳಿಸಿತು. ಅಷ್ಟು ಮರ್ಯಾದೆಯನ್ನೂ ನಾನು ಸೈರಿಸಲಿಲ್ಲ.

ಸವಣೂರಿನಲ್ಲಿ ಕೀಬೋರ್ಡ್ ಒಂದೇ ಸಾಕು ಎಂದರು ಹಾಡು ಇಡಿಸಿದ್ದ ಸಂಘದವರು. ಮುಚ್ಚಿದ ಪೇಟಿ ಮುಂದಿಟ್ಟುಕೊಂಡು ನಿನ್ನ ಪಕ್ಕದಲ್ಲೇ ಕುಳಿತಿದ್ದೆ. ಮೊದಲು ಶಾಲೆಯ ಹುಡುಗಿಯೊಬ್ಬಳು ಬಿಳಿ ನಾಲ್ಕಕ್ಕೆ ಹಾಡಿದಳು. ನೀನು ಗುಂಡಿಯನ್ನು ಐದನೆಯ ಗೆರೆಗೆ ತಂದಿದ್ದೆ. ಮಂಜವ್ವ ಬಂದು ಕುಳಿತಾಗಲೂ ಅದು ಅಲ್ಲೇ ನಿಂತಿತ್ತು. ನಾನು ನೋಡಿದೆ. ನೀನು ಮೊದಲ ಸ್ವರ ಒತ್ತಿದಾಗ ಕಿವಿಯೂ ಹೇಳಿತು. ನಿನ್ನ ಮೊಣಕೈ ಮುಟ್ಟಿದ್ದರೆ ಸಾಕಿತ್ತು.

ನೀನಾಗಿಯೇ ಗಮನಿಸುತ್ತೀ ಎಂದು ಸುಮ್ಮನಿದ್ದೆನೆ? ಬಹಳ ದಿನ ಹಾಗೆಂದೇ ನನಗೆ ನಾನು ಹೇಳಿಕೊಂಡೆ. ಅದು ಸುಳ್ಳು. ನೀನು ತಪ್ಪುವುದನ್ನು ಜನ ನೋಡಲಿ ಎಂದು ಕಾದಿದ್ದೆ.

ಮೇಲಿನ ಷಡ್ಜದ ಹತ್ತಿರ ಮಂಜವ್ವನ ದನಿ ಒಡೆಯಿತು. ನಿಲ್ಲಿಸಿ, "ಇವತ್ತ ಏಣಿ ಭಾಳ ಎತ್ತರ ಹಚ್ಚೀರೆವ್ವಾ" ಎಂದಳು. ಜನ ನಕ್ಕರು. ಗುಂಡಿ ಎಲ್ಲಿದೆ ಎಂಬುದೇ ನಿನಗೆ ತೋಚಲಿಲ್ಲ. ನಾನು ಪೇಟಿ ತೆರೆದು ಕರಿ ಎರಡು ಹಿಡಿದೆ. ಹಾಡು ಮುಗಿದಾಗ ಚಪ್ಪಾಳೆ ಬಿತ್ತು. ನೀನು ನನ್ನ ಕೈ ಹಿಡಿದು, "ನೀವಿದ್ರಿ ಅಂತ ನನ್ನ ಮಾನ ಉಳೀತ್ರೀ ಅಕ್ಕಾರ" ಎಂದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೋದ ವಾರ ಹಿರೇಕೆರೂರಿನ ಸಂತೆಯಲ್ಲಿ ಸಿಕ್ಕ ಮಂಜವ್ವನಿಗೆ ಎಲ್ಲವನ್ನೂ ಹೇಳಿದೆ. ಸೊಪ್ಪಿನ ಕಟ್ಟು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. "ಹೆಸರಿನ್ಯಾಗ ಬಾಯಿ ಇಟ್ಕೊಂಡು, ಹೇಳಾಕ ಬಾಯಿ ಇರಲಿಲ್ಲೇನ್ರಿ, ಗೋಪಿಕಾಬಾಯಿ?" ಎಂದಳು. ಆಮೇಲೆ, "ಮದಲ ಆಕಿಗೆ ತಿಳಸ್ರಿ. ನಾ ಹಾಡಿದ್ರ ಆಕಿ ಬಾಜೂಕ ಕುಂತs ಹಾಡಾಕಿ" ಎಂದಳು.

ಮುಂದಿನ ತಿಂಗಳು ಹಂಸಭಾವಿಯಲ್ಲಿ ಅವಳ ಹಾಡಿದೆ. ಕೀಬೋರ್ಡ್ ಮಾರಬೇಡ, ತಗೊಂಡು ಬಾ. ತಿರುಪು ಇಳಿಸಬೇಡ; ನಾನು ಪೇಟಿ ತರುವುದಿಲ್ಲ. ನಿನ್ನ ಬೆರಳು ಓಡುವಾಗ ನನಗೆ ಹೊಟ್ಟೆ ಉರಿಯದು ಎಂದು ಮಾತು ಕೊಡಲಾರೆ. ಉರಿಯುತ್ತಲೇ ಪಕ್ಕದಲ್ಲಿ ಕುಳಿತಿರುತ್ತೇನೆ. ಗುಂಡಿ ಮೂರರಲ್ಲಿ ಇಲ್ಲದಿದ್ದರೆ ಎಲ್ಲರೆದುರು ಹೇಳುತ್ತೇನೆ.

ನಿನ್ನ ಕೈಗೆ ಒಳ್ಳೆಯದಾಗಲಿ, ತಂಗಿ.

ಅಂದು ಮೊಣಕೈ ಮುಟ್ಟದ ಅಕ್ಕ,
ಗೋಪಿಕಾಬಾಯಿ