ಎಡಮಂಡಿಯ ಗುರುತು

ವುಡ್‌ರಿಡ್ಜ್, ಭಾನುವಾರ

ಶಾರದಕ್ಕ, ಸಲಾಂ.

ಫೋನಲ್ಲಿ ಹೇಳಿದ್ರೆ ನಿಮ್ಮ ಯಜಮಾನ್ರ ಕಿವಿಗೂ ಬೀಳುತ್ತೆ ಅಂತ ನಿಮ್ಮ ಡಬ್ಬಿಯೊಳಗೆ ಇದನ್ನಿಟ್ಟು ಕಳಿಸ್ತಿದೀನಿ.

ಡಾಕ್ಟರಾಗಬೇಕೋ ಬೇಡವೋ ಅಂತ ಕಣ್ಣಾರೆ ನೋಡಿ ತೀರ್ಮಾನ ಮಾಡ್ಲಿ ಅಂತ ಕಾಲೇಜು ರಜೆಯಲ್ಲಿ ನಮ್ಮ ಅನಮ್‌ನ ಅವರ ಜೊತೆ ಆಸ್ಪತ್ರೆಗೆ ಕಳಿಸ್ತಿದ್ದೆ. ಇನ್ಮೇಲೆ ಅವಳು ಬರಲ್ಲ. ಮೆಡಿಸಿನ್ ಬೇಡವೇ ಬೇಡ ಅಂದಳು. ಚೆನ್ನಾಗಿ ಬೈದೆ. ಆಮೇಲೆ ಅಳ್ತಾ ಹೇಳಿದಳು.

ರಘೋತ್ತಮ ಅಂಕಲ್ ಅವಳನ್ನ ನಿಮ್ಮ ಮಗಳ ಹೆಸರು ಹಿಡಿದು ಸಿಂಧು ಅಂತಲೇ ಕರೀತಾರಂತೆ. ಅದಿರಲಿ, ನಾನೂ ಮಕ್ಕಳ ಹೆಸರು ಅದಲುಬದಲು ಮಾಡ್ತೀನಿ. ಆದ್ರೆ ಶುಕ್ರವಾರ ಬಲಮಂಡಿ ಆಪರೇಷನ್‌ಗೆ ಬಂದಿದ್ದವರ ಎಡಮಂಡಿ ಮೇಲೆ ಕೊಯ್ಯೋ ಗುರುತು ಹಾಕಿದ್ರಂತೆ. ನರ್ಸ್ ನೋಡಿ ಅಳಿಸಿದರಂತೆ. ಆಮೇಲೆ ಅಂಕಲ್ ಇವಳ ಕೈ ಹಿಡ್ಕೊಂಡು, "ಮನೇಲಿ ಅಮ್ಮನಿಗೆ ಹೇಳ್ಬೇಡ, ಸಿಂಧು" ಅಂದರಂತೆ.

ಈಚೆಗೆ ಲೆಮಾಂಟ್ ದೇವಸ್ಥಾನಕ್ಕೂ ನೀವೇ ಡ್ರೈವ್ ಮಾಡ್ತೀರಿ. ಯಾಕೆ ಅಂತ ನಾನು ಕೇಳಲ್ಲ.

ನಮ್ಮ ಮನೆಯವರ ಮಂಡಿ ಆಪರೇಷನ್ ಅವರ ಹತ್ರ ಬೇಡ ಅಂತ ನಿಲ್ಲಿಸಿದೀನಿ, ತಪ್ಪು ತಿಳೀಬೇಡಿ. ನಾಳೆ ಬೆಳಗ್ಗೆ ನಿಮ್ಮ ಯಜಮಾನ್ರನ್ನ ಆಸ್ಪತ್ರೆಗೆ ಕಳಿಸ್ಬೇಡಿ, ಅಕ್ಕ. ನಮಗಾದ್ರೆ ಮಗಳು ಹೇಳಿದಳು. ನಾಳೆ ಆ ಟೇಬಲ್ ಮೇಲೆ ಮಲಗೋರಿಗೆ ಹೇಳೋರು ಯಾರು?

ನಿಮ್ಮ
ವಹೀದಾ