ಆರು ಮೂಲೆಯ ನೆಲ

ಶುಕ್ರವಾರ ಪೇಠ, ಪುಣೆ
೨೨ ಜನವರಿ ೧೯೩೭

ನಮ್ಮ ಯಜಮಾನರಿಗೆ ಬಸವಣ್ಣೆವ್ವನ ಶರಣು.

ನಿಮ್ಮ ಕೆಮ್ಮು ಕಡಿಮೆಯಾಯಿತೇ? ದೌಂಡದ ಗೂಡ್ಸ್ ಶೆಡ್ಡಿನ ಧೂಳಿನಲ್ಲಿ ದಿನವೆಲ್ಲ ನಿಲ್ಲುವವರು ಕೊರಳಿಗೆ ಮಫ್ಲರ್ ಸುತ್ತಿಕೊಳ್ಳದಿದ್ದರೆ ಯಾವ ಔಷಧ ತಾನೇ ಏನು ಮಾಡೀತು? ಖಾನಾವಳಿಯ ಊಟ ಹೊಂದುತ್ತಿಲ್ಲವಾದರೆ ಹೇಳಿ, ಬರುಹೋಗುವವರ ಕೈಯಲ್ಲಿ ರೊಟ್ಟಿ ಕಟ್ಟಿ ಕಳಿಸುತ್ತೇನೆ. ನಾವಿಲ್ಲಿ ಇದ್ದೇವೆ. ನಿಮ್ಮ ಮಗಳು ಸುಲಭಾ ಶಾಲೆಗೆ ಹೋಗುತ್ತಾಳೆ, ಈಗ ನನ್ನೊಡನೆಯೂ ಮರಾಠಿಯಲ್ಲೇ ಮಾತು. ಬೈಯಬೇಕು, ಆದರೆ ಬೈಯುವುದಕ್ಕೂ ನನಗೆ ಬೇಸರ. ನಳದ ನೀರು ತುಂಬಿ, ಒಲೆ ಹಚ್ಚಿ, ತರಕಾರಿಗೆಂದು ಮಂಡಈಗೆ ಹೋಗಿ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತದೆ.

ಹೊಸ ನೆಲ ಎಲ್ಲರಿಗೂ ಹಿಡಿಸಿತೇ ಎಂದು ಎರಡು ಪತ್ರದಲ್ಲೂ ಕೇಳಿದ್ದೀರಿ. ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಬಂದ ಹೆಂಗಸರು ಎಳ್ಳು-ಬೆಲ್ಲಕ್ಕಿಂತ ನೆಲವನ್ನೇ ಹೆಚ್ಚು ಹೊಗಳಿದರು. ಪಕ್ಕದ ಬಿಡಾರದ ಕೃಷ್ಣಾಬಾಯಿಯವರು ಮಂಡಿಯೂರಿ ಕೈಯಾಡಿಸಿ, ಆರು ಮೂಲೆಯ ಬಿಲ್ಲೆಗಳು ಜೇನುಹುಟ್ಟಿನ ಹಾಗೆ ಒಂದಕ್ಕೊಂದು ಹೇಗೆ ಕೂತಿವೆ ನೋಡಿರೆಂದು ಎಲ್ಲರಿಗೂ ತೋರಿಸಿದರು. ಸಾಹೇಬರ ಬಂಗಲೆಯಲ್ಲಿ ಕಂಡು, ಆಸೆಪಟ್ಟು, ಗಾಡಿಗೆ ಹಾಕಿಸಿ ಕಳಿಸಿದವರು ನೀವು. ಚೆಂದವೇನೋ ಇದೆ. ಇಲ್ಲವೆಂದರೆ ನನ್ನ ಬಾಯಿ ಸೇದಿಹೋದೀತು.

ಆದರೆ ಅತ್ತೆಯವರು ನಡೆಯುವುದನ್ನು ಬಿಟ್ಟಿದ್ದಾರೆ. ಕಣ್ಣು ಹೋಗಿ ಇಷ್ಟು ವರ್ಷವಾದರೂ ಒಬ್ಬರ ಕೈ ಹಿಡಿಯದೆ ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ದೇವರ ಜಗಲಿಗೆ ನೆಟ್ಟಗೆ ಹೋಗಿ ಬರುತ್ತಿದ್ದರಲ್ಲ, ಅದೆಲ್ಲ ನೆನಪಿನ ಬಲವೆಂದು ನೀವೂ ನಾನೂ ತಿಳಿದಿದ್ದೆವು. ಅಲ್ಲ. ಹಳೆಯ ಶಹಾಬಾದಿ ಕಲ್ಲುಗಳ ನಡುವಿನ ಸಂದು ಹಾಸಿಗೆಯ ತಲೆದೆಸೆಯಿಂದ ಬಚ್ಚಲ ಬಾಗಿಲಿನವರೆಗೆ ಒಂದೇ ಗೆರೆಯಾಗಿ ಹೋಗಿತ್ತು. ಅವರು ಹೆಬ್ಬೆರಳನ್ನು ಅದರಲ್ಲಿಟ್ಟು ಸಾಗುತ್ತಿದ್ದರು. ಮನೆಯಲ್ಲಿ ಯಾರೂ ಅವರ ಕಾಲು ನೋಡಿರಲಿಲ್ಲ. ಈ ಬಿಲ್ಲೆಗಳಲ್ಲಿ ಸಂದು ಹಿಡಿದು ಹೊರಟರೆ ನಾಲ್ಕು ಬೆರಳು ಹೋಗುವುದರೊಳಗೆ ಹೊರಳುತ್ತದೆ, ಮತ್ತೆ ಹೊರಳುತ್ತದೆ. ಗೋಡೆ ಹಿಡಿಯೋಣವೆಂದರೆ ಉದ್ದಕ್ಕೂ ಟ್ರಂಕು, ಜೋಳದ ಚೀಲ.

ಹೋದ ಸೋಮವಾರ ನಾನು ಮಂಡಈಗೆ ಹೋದಾಗ ಮನೆಯಲ್ಲಿ ಅವರೊಬ್ಬರೇ. ಬಂದು ನೋಡುತ್ತೇನೆ, ಬಚ್ಚಲೆಂದು ತಿಳಿದು ದೇವರ ಜಗಲಿಯ ಮುಂದೆ ಕುಳಿತುಬಿಟ್ಟಿದ್ದರು. ನಿಮಗೆ ಹೇಗೆ ಬರೆಯಲಿ? ಮುಟ್ಟಿ ನೋಡಿ, ಎಲ್ಲಿ ಕೂತಿದ್ದೇನೆಂದು ಗೊತ್ತಾದಾಗ ಅವರು ಅತ್ತದ್ದು ನಾನು ಹಿಂದೆಂದೂ ಕೇಳಿರಲಿಲ್ಲ, ಮಾವನವರು ಹೋದಾಗಲೂ. ತೊಳೆದೆ, ಸಾರಿಸಿದೆ, ಸ್ನಾನ ಮಾಡಿಸಿದೆ. ಅಂದಿನಿಂದ ನೀರು ಮುಟ್ಟುತ್ತಿಲ್ಲ. ನೀರು ಕುಡಿದರೆ ಏಳಬೇಕಾಗುತ್ತದೆ, ಅದಕ್ಕೆ. ರೊಟ್ಟಿಯ ಜೊತೆ ಒಂದು ಗುಟುಕು, ಅಷ್ಟೇ. ತುಟಿ ಒಡೆದಿದೆ, ನಾಲಿಗೆ ಒಣಗಿ ಮಾತು ತಡವರಿಸುತ್ತದೆ. ಡಾಕ್ಟರರು ನೀರಿಲ್ಲದೆ ಈ ಜೀವ ಹೆಚ್ಚು ದಿನ ತಡೆಯದು ಎಂದರು. ಬಚ್ಚಲಿನವರೆಗೆ ಹಗ್ಗ ಕಟ್ಟಲೇ ಎಂದು ಕೇಳಿದೆ, ತಾನೇನು ಎಮ್ಮೆಯೇ ಎಂದು ಸಿಡುಕಿದರು. ನಾನು ಕೈ ಹಿಡಿಯುತ್ತೇನೆಂದರೆ ನನ್ನ ಸೊಂಟದ ನೆಪ ಹೇಳುತ್ತಾರೆ. ನಿಮಗೆ ತಿಳಿಸುತ್ತೇನೆಂದಾಗ ಮಾತ್ರ ನನ್ನ ಕೈ ಗಟ್ಟಿಯಾಗಿ ಹಿಡಿದರು.

"ಅವಾ ಭಾಳ ಆಸೆ ಮಾಡಿ ಕಳಿಸ್ಯಾನ. ಅವಗ ಬರೀಬ್ಯಾಡವಾ."

ಬರೆದಿದ್ದೇನೆ. ನನಗೆ ಸಾಕಾಗಿದೆ. ಬೆಲ್ಲದ ಸುಗ್ಗಿ, ರಜೆಯಿಲ್ಲ ಎನ್ನುತ್ತೀರಿ, ದೌಂಡ ಏನು ವಿಲಾಯತಿಯಲ್ಲ. ನೆಲ ಹಾಕಿದ ಗೌಂಡಿ ಮಲಕಪ್ಪನನ್ನು ವಿಚಾರಿಸಿದೆ. ಹಳೆಯ ಕಲ್ಲುಗಳು ವಾಡೆಯ ಹಿತ್ತಲಲ್ಲೇ ಇವೆ, ನಡುವೆ ಎರಡು ಸಾಲು ಮತ್ತೆ ಕೂಡಿಸಬಹುದು, ಆದರೆ ಬಿಲ್ಲೆಗಳು ಇಡಿಯಾಗಿ ಏಳುವುದಿಲ್ಲ, ಒಡೆದೇ ತೆಗೆಯಬೇಕು ಎಂದ. ನಿಮ್ಮ ಒಂದು ಮಾತು ಬೇಕು. ಮರುಟಪಾಲಿಗೆ ಬರೆಯಿರಿ. ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ, ಸುಲಭಾ ನಮಸ್ಕಾರ ಹೇಳಿದ್ದಾಳೆ. ಕೊರಳು ಬೆಚ್ಚಗಿಡಿ.

ನಿಮ್ಮ
ಬಸವಣ್ಣೆವ್ವ

ತಾ.ಕ.: ನಿನ್ನೆ ಬರೆದ ಪತ್ರ ಇನ್ನೂ ಡಬ್ಬಿಗೆ ಹಾಕಿಲ್ಲ. ಇಂದು ಬೆಳಿಗ್ಗೆ ಅತ್ತೆಯವರು ಆ ಒಂದು ಗುಟುಕನ್ನೂ ಒಲ್ಲೆಂದರು. ನಿಮ್ಮ ಉತ್ತರಕ್ಕೆ ಕಾಯದೆ ನಾನೇ ಹೋಗಿ ಮಲಕಪ್ಪನನ್ನು ಕರೆತಂದೆ. ಸಿಟ್ಟು ಬಂದರೆ ಇಲ್ಲಿಗೇ ಬಂದು ಮಾಡಿರಿ. ಮೊದಲನೆಯ ಬಿಲ್ಲೆ ಒಡೆದ ಸಪ್ಪಳಕ್ಕೆ ಅತ್ತೆಯವರು ಏನದು ಎಂದರು. ಹೇಳಿದೆ. ನಿಮಗೆ ನೋವಾಗುತ್ತದೆ ಎಂದು ಸ್ವಲ್ಪ ಹೊತ್ತು ಗೊಣಗಿದರು. ಮಲಕಪ್ಪ ಒಡೆಯುತ್ತಲೇ ಇದ್ದ. ಕಲ್ಲು ಕೂಡಿಸುವುದು ಇನ್ನೂ ನಾಳೆಯ ಮಾತು. ಆದರೆ ಅವರು ಈಗಲೇ ಎದ್ದು ಕುಳಿತು, "ನೀರ ಕೊಡವಾ" ಅಂದರು. ಇಡೀ ತಂಬಿಗೆ ಕುಡಿದರು.