ಲುಕ್ಮಾ ಕೊಡಾಕಿ

ಬಸವಕಲ್ಯಾಣ
ರಮಜಾನಿನ ಎಂಟನೇ ರೋಜಾ, ೨೦೨೬

ನನ್ನ ಕಣ್ಣಿನ ತಂಪು ಸಫೂರಾಗ ಅಮ್ಮಿಯ ಸಲಾಂ, ದುವಾ.

ಫೋನಿನಾಗ ಹೇಳಿದ್ರ ನೀ ಪರೀಕ್ಷಾ ಬಿಟ್ಟು ಹುಮನಾಬಾದದಿಂದ ಬಸ್ ಹತ್ತತಿ. ಅದಕ್ಕ ನಿನ್ನ ಸಂಗಾಟ ಕಲಿತ ಕನ್ನಡದಾಗ ಬರ್ಯಾಕತ್ತೇನಿ. ತಪ್ಪಿದ್ದಲ್ಲಿ ಬಾಜೂ ಮನಿ ಕಸ್ತೂರಿಬಾಯಿ ತಿದ್ದತಾಳ.

ಬೇಟಾ, ನನಗ ಭಾಳ ಅಂಜಿಕಿ ಆಗ್ಯಾದ. ನಿನ್ನೆ ರಾತ್ರಿ ಮನ್ಯಾಗ ಹೆಣ್ಮಕ್ಕಳ ತರಾವೀಹ್ ನಮಾಜ್ ನಡಸಕೋತ ಕುರ್‌ಆನಿನ ಸೂರೆ ಯೂಸುಫ್ ಓದಾಕತ್ತಿದ್ದೆ. ಸಣ್ಣಾಕಿದ್ದಾಗಿನಿಂದ ಬಾಯಿಪಾಠ ಇದ್ದದ್ದು. ನಡುವ ಬಾಯಿ ಕಟ್ಟಿತು. ಮುಂದಿನ ಮಾತೇ ಇಲ್ಲ! ಹಿಂದ ನಿಂತಾಕಿ ಲುಕ್ಮಾ ಕೊಟ್ಟು ಮರೆತದ್ದು ನೆನಪು ಮಾಡಬೇಕಲ್ಲ? ಒಬ್ಬಾಕಿನೂ ತುಟಿ ಪಿಟಕ್ಕನ್ನಲಿಲ್ಲ. ಎಲ್ಲಾರೂ ನನ್ನ ಶಿಷ್ಯರು, ಕಲಿಸಿದ ಉಸ್ತಾನಿಗಿ ತಿದ್ದೋದು ಬೇಅದಬಿ, ಮರ್ಯಾದಿ ಅಲ್ಲ ಅಂತ. ನಾ ಒಂದಿಷ್ಟು ಆಯತಿನ ಸಾಲು ಬಿಟ್ಟು ಮುಂದ ಹೋದೆ.

ಇವತ್ತು ಮುಂಜಾನೆ ನಾ ಕುರ್‌ಆನ್ ಕಲಸೋ ಮಕ್ತಬದಾಗ ಒಬ್ಬ ಹುಡುಗಿ ಅದೇ ಪಾಠ ಒಪ್ಪಿಸಿದಳು. ನಾ ಬಿಟ್ಟದ್ದನ್ನೇ ಬಿಟ್ಟಳು! ಕುರ್‌ಆನ್ ತಗದು ತೋರಿಸಿದ್ರ, ಉಸ್ತಾನಿ ಓದಿದ್ದೇ ಖರೆ ಇರಬೇಕಂತ ತಿಳಿದ್ನಿ ಅಂದಳು. ನನಗ ಕಲಿಸಿದಾಕಿಗಿ ಅಕಿ ಉಸ್ತಾನಿ ಕಲಿಸಿದ್ಳು, ಅಕಿಗಿ ಮತ್ತೊಬ್ಬಾಕಿ. ಬಾಯಿಂದ ಕಿವಿಗಿ, ಕಿವಿಯಿಂದ ಎದಿಗಿ, ಸಾವಿರ ವರ್ಷ ದಾಟಿ ಇಲ್ಲೀತನ ಬಂದದ. ಯಾ ಅಲ್ಲಾ, ಅದು ನನ್ನ ಬಾಯಾಗ ಕೆಡಬೇಕೇನು? ಈ ಹುಡುಗ್ಯಾರು ನಾಳಿ ತಮ್ಮ ಮಕ್ಕಳಿಗಿ ಏನ್ ಕಲಸ್ತಾರ?

ನೀ ಸೈನ್ಸ್ ಓದ್ತೀನಂದಾಗ ಮಸೀದಿ ಕಮಿಟಿಯವರು ಮೂಗು ಮುರಿದ್ರು. ಬೀದರಿನ ಹಳೇ ಮದರಸಾದಾಗ ಲೆಕ್ಕ, ನಕ್ಷತ್ರ ಎಲ್ಲಾ ಕಲಸ್ತಿದ್ರು, ನನ್ನ ಮಗಳು ಕಲಿತ್ರ ನಿಮಗ್ಯಾಕ ಹೊಟ್ಟಿಬ್ಯಾನಿ ಅಂತ ನಾನೇ ಜಗಳಾಡೀನಿ. ಈಗ ಆ ನಿನ್ನ ಕಿತಾಬಿನಾಗ ಮರವಿಗಿ ಏನರ ದವಾ ಅದನ ನೋಡು.

ನೀನೂ ಹಾಫಿಜಾ, ಕುರ್‌ಆನ್ ಪೂರಾ ಎದ್ಯಾಗ ಇಟ್ಟಾಕಿ. ಪರೀಕ್ಷಾ ಮುಗಿಸಿ ಬಾ. ನನ್ನ ಹಿಂದ ನಿಂತು ಅಂಜದೆ ತಿದ್ದು. ಅಲ್ಲೀತನ ಯಾರಿಗೂ ಹೇಳಬ್ಯಾಡ. ಅಂಥಾದ್ದೇನಿಲ್ಲ, ರೋಜಾದ ಸುಸ್ತು ಇರಬೇಕು.

ನಿನ್ನ ದುವಾದಾಗ ನನ್ನ ಹೆಸರು ಇರಲಿ.
ಅಮ್ಮಿ ರಾಬಿಯಾ

ತಾ.ಕ.: ಸಫೂರಾ, ನಾ ಕಸ್ತೂರಿಬಾಯಿ. ಫೋನ್ ಮಾಡಬ್ಯಾಡಂತ ನಿಮ್ಮ ಅಮ್ಮಿ ಆಣಿ ಹಾಕ್ಯಾಳ, ಬರೀಬ್ಯಾಡ ಅಂದಿಲ್ಲ. ಇವತ್ತು ಎಂಟನೇ ರೋಜಾ ಅಲ್ಲ ಬೇಟಾ, ಹದಿನೈದನೇದು. ಇದೇ ಕಾಗದ ಹೋದ ವಾರನೂ ಬರದು ನನ್ನ ಕೈಲೆ ಡಬ್ಬಿಗಿ ಹಾಕಿಸ್ಯಾಳ. ನೀ ಅದನ್ನ ಓದಿ ಸುಸ್ತು ಅಂತ ನಂಬೀದಿ ಕಾಣಸ್ತದ. ಪರೀಕ್ಷಾ ಮತ್ತ ಬರ್ತದ, ನೀ ಬಾ. ನಾ ಬರೇ ಅಕ್ಷರ ತಿದ್ದೀನಿ, ಉಳಿದದ್ದು ತಿದ್ದಾಕ ನನಗೂ ಅಂಜಿಕಿ.